ಐಮತ್ ಎಂಬ ಮೀನುಗಾರರ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯುದ್ದಕ್ಕೂ ಸಣ್ಣ ಸಣ್ಣ ಮೀನುಗಾರರ ಊರುಗಳಿವೆ. ಅವುಗಳಲ್ಲಿ ಐಮತ್‌ನ ಹೆಸರು ಹೆಚ್ಚಾಗಿ ಕೇಳಿಬರುವುದು, ಬಿರುಗಾಳಿಗೆ ಸಿಕ್ಕಿ 189 ಮೀನುಗಾರರು ಸತ್ತ 1881ರ ಅಕ್ಟೋಬರ್ 14ರ ದುರಂತದಿಂದಾಗಿ. ಆ ಒಂದು ದಿನದ ಹಿಂದೆ ಏಳೆಂಟು ಶತಮಾನಗಳ ಬದುಕಿದೆ, ಮುಂದೆಯೂ ಬದುಕು ನಡೆದಿದೆ. ಈ ಊರಿನ ಬಗ್ಗೆ ಓದಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಸಾಧ್ಯವಾದಷ್ಟು ವಿವರವಾಗಿ ಉತ್ತರಿಸಲಾಗಿದೆ.

ಐಮತ್ ಎಲ್ಲಿದೆ? ಅದು ಹಳ್ಳಿಯೋ, ಪಟ್ಟಣವೋ?

ಸ್ಕಾಟ್ಲೆಂಡಿನ ಆಗ್ನೇಯ ಮೂಲೆಯ ಬೆರಿಕ್‌ಶೈರ್ ಪ್ರಾಂತ್ಯದಲ್ಲಿ, ಇಂಗ್ಲೆಂಡಿನ ಗಡಿಯಿಂದ ಸುಮಾರು 8 ಕಿಲೋಮೀಟರ್ ಉತ್ತರಕ್ಕೆ, ಐ ಎಂಬ ಸಣ್ಣ ಹೊಳೆ ಉತ್ತರ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಈ ಊರಿದೆ. ಎಡಿನ್‌ಬರೋ ನಗರದಿಂದ ಆಗ್ನೇಯಕ್ಕೆ ಸುಮಾರು 80 ಕಿಲೋಮೀಟರ್ ದೂರ. ಇಂದಿನ ಜನಸಂಖ್ಯೆ ಸುಮಾರು ಮೂರೂವರೆ ಸಾವಿರ. ಲೆಕ್ಕಪತ್ರಗಳಲ್ಲಿ ಅದು ಸಣ್ಣ ಪಟ್ಟಣ. ಆದರೆ ಬಂದರಿಗೆ ಒತ್ತಿಕೊಂಡ ಮನೆಗಳು, ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟಾದ ಓಣಿಗಳು, ಒಂದೇ ಕೆಲವು ಮನೆತನಗಳ ಹೆಸರು ತಲೆತಲಾಂತರದಿಂದ ಮುಂದುವರಿದಿರುವುದು, ಇವನ್ನೆಲ್ಲ ನೋಡಿದರೆ ಅದರ ಸ್ವಭಾವ ಹಳ್ಳಿಯದೇ.

ಇಲ್ಲಿ ಮೀನುಗಾರಿಕೆ ಯಾವಾಗ ಆರಂಭವಾಯಿತು?

ನಿಖರವಾದ ಆರಂಭ ಎಂದು ಒಂದು ವರ್ಷವನ್ನು ಗುರುತಿಸುವಂತಿಲ್ಲ. 1098ರ ಸುಮಾರಿಗೆ ಸ್ಕಾಟ್ಲೆಂಡಿನ ದೊರೆ ಎಡ್ಗರ್ ಹತ್ತಿರದ ಕೋಲ್ಡಿಂಗಮ್‌ನ ಭೂಮಿಯನ್ನು ಡರಮ್‌ನ ಸಂನ್ಯಾಸಿಗಳಿಗೆ ದಾನ ಕೊಟ್ಟ ಮೇಲೆ ಅಲ್ಲೊಂದು ಮಠ ಬೆಳೆಯಿತು. ಮಠಕ್ಕೆ ಮೀನು ಬೇಕಿತ್ತು, ಸಾಮಾನು ಇಳಿಸಲು ಒಂದು ಬಂದರೂ ಬೇಕಿತ್ತು. ಐ ಹೊಳೆಯ ಅಳಿವೆ ಎರಡಕ್ಕೂ ಒದಗಿತು. ಹೀಗೆ ಊರಿನ ಮೀನುಗಾರಿಕೆಗೂ ಮಠಕ್ಕೆ ಸಲ್ಲಬೇಕಾದ ಪಾಲಿಗೂ ಮೊದಲಿನಿಂದಲೇ ನಂಟು ಬಿತ್ತು. ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಹತ್ತೊಂಬತ್ತನೆಯ ಶತಮಾನದ ದೊಡ್ಡ ಜಗಳದ ಬೇರು ಇರುವುದು ಇಲ್ಲಿಯೇ.

ಸಮುದ್ರದಂಚಿನ ದಿಬ್ಬದ ಮೇಲೆ ಕೋಟೆ ಏಕಿದೆ?

ಗಡಿಗೆ ಇಷ್ಟು ಹತ್ತಿರವಿರುವ ಬಂದರನ್ನು ಸೈನ್ಯಗಳು ಬಿಡುವುದು ಸಾಧ್ಯವಿರಲಿಲ್ಲ. 1547ರಲ್ಲಿ ಪಿಂಕಿ ಎಂಬಲ್ಲಿ ಸ್ಕಾಟರನ್ನು ಸೋಲಿಸಿದ ಇಂಗ್ಲಿಷರು ಈ ದಿಬ್ಬದ ಮೇಲೆ, ಫಿರಂಗಿ ಯುದ್ಧಕ್ಕೆ ತಕ್ಕಂತೆ ಇಟಲಿಯ ಹೊಸ ಮಾದರಿಯಲ್ಲಿ ಮಣ್ಣಿನ ಕೋಟೆ ಕಟ್ಟಿದರು. 1550ರ ಒಪ್ಪಂದದಂತೆ ಅದನ್ನು ಕೆಡವಲಾಯಿತು. 1557ರಲ್ಲಿ ಸ್ಕಾಟರ ಮಿತ್ರರಾಗಿದ್ದ ಫ್ರೆಂಚರು ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. 1559ರ ಶಾಂತಿ ಒಪ್ಪಂದದ ಬಳಿಕ ಅದೂ ನೆಲಸಮವಾಯಿತು. ಈಗ ಹುಲ್ಲು ಹೊದ್ದ ದಿಣ್ಣೆಗಳಷ್ಟೇ ಉಳಿದಿವೆ.

ಐಮತ್ ಕಳ್ಳಸಾಗಣೆಗೆ ಹೆಸರಾಗಿತ್ತು ಎನ್ನುತ್ತಾರೆ, ನಿಜವೇ?

ನಿಜ, ಮತ್ತು ಅದರ ಸಾಕ್ಷಿ ಇಂದಿಗೂ ಬಂದರಿನ ಆಚೆ ದಡದಲ್ಲಿ ಎದ್ದು ಕಾಣುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲಿ ಚಹಾದ ಮೇಲಿನ ಸುಂಕ ಅದರ ಮೂಲ ಬೆಲೆಯನ್ನೂ ಮೀರಿಸುವಷ್ಟು ಏರಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್ ಮುಂತಾದ ಬಂದರುಗಳಿಗೆ ಚೀನಾದಿಂದ ಬರುತ್ತಿದ್ದ ಚಹಾವನ್ನು ರಾತ್ರಿ ಹೊತ್ತು ಸ್ಕಾಟ್ಲೆಂಡಿನ ಪೂರ್ವ ತೀರಕ್ಕೆ ತಂದು ಇಳಿಸಿದರೆ ಅಪಾರ ಲಾಭ ಸಿಗುತ್ತಿತ್ತು. ಜಾನ್ ನಿಸ್ಬೆಟ್ ಎಂಬ ವ್ಯಾಪಾರಿ ಈ ದಂಧೆಯಲ್ಲಿ ಗಳಿಸಿದ ಹಣದಿಂದ 1753ರ ಸುಮಾರಿಗೆ ಗನ್ಸ್‌ಗ್ರೀನ್ ಹೌಸ್ ಎಂಬ ಭವ್ಯವಾದ ಮನೆ ಕಟ್ಟಿಸಿದನು. ಅದರ ವಿನ್ಯಾಸ ಮಾಡಿದವನು ಆ ಕಾಲದ ಪ್ರಸಿದ್ಧ ವಾಸ್ತುಶಿಲ್ಪಿ ಜಾನ್ ಆಡಮ್. ಹೊರಗಿನಿಂದ ನೋಡಿದರೆ ಸಭ್ಯ ಗೃಹಸ್ಥರ ಮನೆ, ಒಳಗೆ ಗೋಡೆಗಳ ಸಂದಿಯಲ್ಲಿ ಚಹಾ ಸುರಿಯುವುದಕ್ಕೆಂದೇ ತಗಡು ಹೊದಿಸಿದ ಕೊಳವೆಯಂಥ ಅಡಗುತಾಣ. ಸುಂಕದ ಅಧಿಕಾರಿ ಕೋಣೆ ಕೋಣೆ ಹುಡುಕಿದರೂ ಅವನ ಕೈಗೆ ಸಿಗುತ್ತಿದ್ದದ್ದು ಬರೀ ಗೋಡೆ. ತಗಡಿನ ಹೊದಿಕೆ ಇದ್ದದ್ದರಿಂದ ಸಮುದ್ರದ ತೇವಕ್ಕೆ ಚಹಾ ಮುಗ್ಗುತ್ತಲೂ ಇರಲಿಲ್ಲ.

1784ರಲ್ಲಿ ಸರ್ಕಾರ ಚಹಾದ ಸುಂಕವನ್ನು ಶೇಕಡಾ 12.5ಕ್ಕೆ ಇಳಿಸಿದಾಗ ಈ ವ್ಯಾಪಾರದ ಬೆನ್ನೆಲುಬೇ ಮುರಿಯಿತು. ಊರಿನ ಸಾಮಾನ್ಯ ಮೀನುಗಾರನಿಗೆ ಇದರಿಂದ ಶ್ರೀಮಂತಿಕೆ ಬಂದಿತೆಂದು ಭಾವಿಸಬೇಕಾಗಿಲ್ಲ. ದೋಣಿ ಅವನದು, ರಾತ್ರಿಯ ಅಪಾಯ ಅವನದು, ದೊಡ್ಡ ಮನೆ ಮಾತ್ರ ಬೇರೆಯವನದು.

ಕವಿ ರಾಬರ್ಟ್ ಬರ್ನ್ಸ್‌ಗೂ ಈ ಊರಿಗೂ ಏನು ಸಂಬಂಧ?

1787ರ ಮೇ ತಿಂಗಳಲ್ಲಿ ಗಡಿನಾಡಿನ ಪ್ರವಾಸದಲ್ಲಿದ್ದ ಬರ್ನ್ಸ್ ತನ್ನ ಗೆಳೆಯ ರಾಬರ್ಟ್ ಐನ್ಸ್‌ಲೀ ಜೊತೆ ಇಲ್ಲಿಗೆ ಬಂದಿದ್ದನು. ಮೇ 19ರಂದು ಫ್ರೀಮೇಸನ್ ಎಂಬ ಸೋದರ ಸಂಘದ ಇಲ್ಲಿನ ಶಾಖೆ ಇಬ್ಬರನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡಿತು. ಐನ್ಸ್‌ಲೀ ಒಂದು ಗಿನಿ ಶುಲ್ಕ ಕಟ್ಟಿದನು. ಬರ್ನ್ಸ್‌ನ ಕಾವ್ಯಪ್ರತಿಭೆಯನ್ನು ಮನ್ನಿಸಿ ಅವನಿಂದ ಶುಲ್ಕ ತೆಗೆದುಕೊಳ್ಳಲಿಲ್ಲ.

ಇಲ್ಲಿನವರು ಯಾವ ಮೀನು ಹಿಡಿಯುತ್ತಿದ್ದರು, ಹೇಗೆ?

ವರ್ಷ ಎರಡು ಭಾಗವಾಗಿ ನಡೆಯುತ್ತಿತ್ತು. ಶರತ್ಕಾಲದಿಂದ ವಸಂತದವರೆಗೆ ಹ್ಯಾಡಕ್, ಕಾಡ್ ಮುಂತಾದ ತಳದ ಮೀನುಗಳನ್ನು ಗಾಳದ ಹಗ್ಗದಿಂದ ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ಹೆರಿಂಗ್ ಗುಂಪುಗಳು ತೀರದ ಕಡೆ ಬಂದಾಗ ಬಲೆಯ ಕಾಲ. ಹೆರಿಂಗ್ ನಮ್ಮ ಬೂತಾಯಿಯ ಬಂಧು: ಬೆಳ್ಳಿಯ ಮೈ, ಎಣ್ಣೆಯಂಶ ಹೆಚ್ಚು, ಲಕ್ಷಗಟ್ಟಲೆ ಒಟ್ಟಿಗೆ ಸಾಗುವ ಜಾತಿ. ಇರುಳಾದಂತೆ ಹೆರಿಂಗ್ ಆಳದಿಂದ ಮೇಲ್ಮೈಗೆ ಏರುವುದರಿಂದ ಸಂಜೆ ಹೊರಟು, ಬಲೆಗಳನ್ನು ಪರದೆಯಂತೆ ನೀರಿನಲ್ಲಿ ಇಳಿಬಿಟ್ಟು, ದೋಣಿಯನ್ನು ಅವುಗಳೊಂದಿಗೆ ತೇಲಬಿಟ್ಟು, ನಸುಕಿನಲ್ಲಿ ಎಳೆಯುತ್ತಿದ್ದರು.

ದೋಣಿಗಳು ಮೊದಲು ಪೂರ್ತಿ ತೆರೆದವು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಅಟ್ಟವಿರುವ ದೊಡ್ಡ ಹಾಯಿದೋಣಿಗಳು ಬಂದವು, ಇನ್ನೂ ದೂರದ ಆಳಕ್ಕೆ ಹೋಗುವುದು ಸಾಧ್ಯವಾಯಿತು. ಆದರೆ ದೋಣಿ ದೊಡ್ಡದಾದಂತೆ ಅದಕ್ಕೆ ಬೇಕಾದ ನೀರಿನ ಆಳವೂ ಹೆಚ್ಚಾಯಿತು. ಬಂದರು ಮಾತ್ರ ಹಳೆಯದೇ ಉಳಿಯಿತು. 1760ರ ದಶಕದ ಕೊನೆಯಲ್ಲಿ ಎಂಜಿನಿಯರ್ ಜಾನ್ ಸ್ಮೀಟನ್ ಇಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿದ್ದನು. ಅದು ಆ ಕಾಲದ ದೋಣಿಗಳಿಗೆ ಸಾಕಾಗಿತ್ತು. ನೂರು ವರ್ಷಗಳ ನಂತರ ಇಳಿತದ ಹೊತ್ತಿನಲ್ಲಿ ದೊಡ್ಡ ದೋಣಿ ಒಳಗೆ ಬರುವಂತೆಯೇ ಇರಲಿಲ್ಲ, ಅಳಿವೆಯ ಎದುರಿಗೇ ಹರ್ಕರ್ ಎಂಬ ಬಂಡೆಗಳು ಬೇರೆ.

ಮೀನುಗಾರಿಕೆಯಲ್ಲಿ ಹೆಂಗಸರ ಪಾಲು ಏನಿತ್ತು?

ಅರ್ಧಕ್ಕಿಂತ ಕಡಿಮೆ ಎಂದರೆ ಅನ್ಯಾಯವಾಗುತ್ತದೆ. ಗಾಳದ ಮೀನುಗಾರಿಕೆ ನಿಂತಿದ್ದೇ ಹೆಂಗಸರ ಕೈಮೇಲೆ. ಒಬ್ಬ ಮೀನುಗಾರನ ಹಗ್ಗಕ್ಕೆ ಸಾವಿರಕ್ಕೂ ಮಿಕ್ಕಿ ಗಾಳಗಳಿರುತ್ತಿದ್ದವು. ಬೆಳಗಿನ ಇಳಿತದಲ್ಲಿ ಹೆಂಗಸರು, ಮಕ್ಕಳು ಬಂಡೆಗಳ ಮೇಲೆ ಹೋಗಿ ಲಿಂಪೆಟ್ ಚಿಪ್ಪುಗಳನ್ನು ಎಬ್ಬಿಸಿ ತರುತ್ತಿದ್ದರು. ಮುಖ್ಯವಾದ ಇರೆ, ಅಂದರೆ ಮೀನನ್ನು ಸೆಳೆಯಲು ಗಾಳಕ್ಕೆ ಸಿಕ್ಕಿಸುವ ತಿನಿಸು, ಎಂದರೆ ಮಸ್ಸೆಲ್, ನಮ್ಮ ಕರಾವಳಿಯವರ ನೀಲಿಕಲ್ಲಿನ ಜಾತಿಯದು. ಚೂರಿಯ ತುದಿಯಿಂದ ಚಿಪ್ಪನ್ನು ಬಿಡಿಸಿ, ಮಾಂಸ ಹರಿಯದಂತೆ ಹೊರತೆಗೆದು, ಒಂದೊಂದು ಗಾಳಕ್ಕೂ ಸಿಕ್ಕಿಸಿ, ಹಗ್ಗವನ್ನು ಅಗಲವಾದ ಬುಟ್ಟಿಯಲ್ಲಿ ಸುರುಳಿ ಸುರುಳಿಯಾಗಿ ಇಟ್ಟು, ಸುರುಳಿಗಳು ಒಂದಕ್ಕೊಂದು ಸಿಕ್ಕಾಗದಂತೆ ನಡುನಡುವೆ ಹುಲ್ಲು ಹಾಸುತ್ತಿದ್ದರು. ಒಂದು ಕಡೆ ಸಿಕ್ಕಾದರೂ ಸಮುದ್ರದ ಮೇಲೆ ಹಗ್ಗ ಬಿಡುವಾಗ ಗಾಳ ಗಂಡಸಿನ ಕೈಗೆ ನಾಟುತ್ತಿತ್ತು, ಇಲ್ಲವೇ ಇಡೀ ದಿನದ ಹಿಡಿತ ಹೋಗುತ್ತಿತ್ತು. ಚಳಿಗಾಲದಲ್ಲಿ ತಣ್ಣನೆಯ ಉಪ್ಪುನೀರಿನಲ್ಲಿ ನೆನೆದ ಬೆರಳುಗಳಿಂದ ಗಂಟೆಗಟ್ಟಲೆ ಈ ಕೆಲಸ ಮಾಡಿ, ಮರುದಿನ ಮತ್ತೆ ಅದನ್ನೇ ಮಾಡಬೇಕಿತ್ತು. ಮೀನು ಬಂದ ಮೇಲೆ ಬೆನ್ನ ಮೇಲಿನ ಬುಟ್ಟಿಯಲ್ಲಿ ಹೊತ್ತು ಒಳನಾಡಿನ ಹಳ್ಳಿಗಳಲ್ಲಿ ಮಾರಿ ಬರುವುದೂ ಅವರ ಕೆಲಸವೇ.

ಮೀನುಗಾರನು ಬೇರೆ ಕಸುಬಿನ ಮನೆಯ ಹುಡುಗಿಯನ್ನು ಮದುವೆಯಾಗುವುದು ಅಪರೂಪವಾಗಿತ್ತು. ಇದನ್ನು ಬರೀ ಸಂಪ್ರದಾಯ ಎಂದು ನೋಡಬಾರದು. ಇರೆ ಕಟ್ಟಲು ಗೊತ್ತಿಲ್ಲದ ಹೆಂಡತಿಯೊಡನೆ ಆ ಮನೆ ನಡೆಯುತ್ತಿರಲಿಲ್ಲ. ಕಾಲಿನ್, ಡೂಗಲ್, ಮಾಲ್ಟ್‌ಮನ್, ಪರ್ವಿಸ್, ವಿಂಡ್ರಮ್ ಮುಂತಾದ ಕೆಲವೇ ಮನೆತನಗಳ ನಡುವೆ ಸಂಬಂಧಗಳು ಮತ್ತೆ ಮತ್ತೆ ಹೆಣೆದುಕೊಂಡದ್ದು ಹೀಗೆ.

ಮೀನಿನ ಮೇಲೆ ಚರ್ಚಿಗೆ ತೆರಿಗೆ ಕೊಡಬೇಕಿತ್ತೆ?

ಕೊಡಬೇಕಿತ್ತು: ಹಿಡಿದ ಮೀನಿನ ಹತ್ತರಲ್ಲೊಂದು ಪಾಲು. ಮಠದ ಕಾಲದ ಹಕ್ಕು ಮತಸುಧಾರಣೆಯ ನಂತರ ಊರಿನ ಪಾದ್ರಿಯ ಹಕ್ಕಾಗಿ ಉಳಿದುಕೊಂಡಿತು. ಬೇಸಾಯದವರ ಹಳೆಯ ಸಲ್ಲಿಕೆಗಳು ಬೇರೆ ರೂಪಕ್ಕೆ ತಿರುಗಿದ ಮೇಲೂ ಐಮತ್‌ನ ಮೀನುಗಾರನು ಜೀವ ಪಣವಿಟ್ಟು ತಂದ ಬುಟ್ಟಿಯಿಂದ ಪಾಲು ಎತ್ತಿಡಬೇಕಾಗಿತ್ತು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚೇ ಒಡೆದು ಬಹಳ ಜನ ಬೇರೆ ಸಭೆಗಳಿಗೆ ಹೋದ ಮೇಲಂತೂ, ತಾವು ಕಾಲಿಡದ ಚರ್ಚಿನ ಪಾದ್ರಿಗೆ ಕೊಡುವುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಈ ಹೋರಾಟದ ಮುಂದಾಳು ವಿಲಿಯಂ ಸ್ಪಿಯರ್ಸ್ ಎಂಬ ಮೀನುಗಾರ. ಜನರು ಅವನನ್ನು ಕಿಂಗ್‌ಫಿಷರ್ ಎಂದು ಕರೆಯುತ್ತಿದ್ದರು. ಕೋರ್ಟು, ಜಪ್ತಿ, ಬೀದಿಯ ಗಲಭೆ ಎಲ್ಲವನ್ನೂ ಕಂಡ ಜಗಳ ಅದು. ಕೊನೆಗೆ 1860ರ ದಶಕದಲ್ಲಿ 2,000 ಪೌಂಡ್ ಕೊಟ್ಟು ಈ ಹಕ್ಕನ್ನು ಕೊಂಡುಕೊಂಡು ತೀರಿಸುವ ಒಪ್ಪಂದವಾಯಿತು. ಗೆದ್ದದ್ದು ಮೀನುಗಾರರೇ, ಆದರೆ ಗೆಲುವಿನ ಬೆಲೆಯನ್ನೂ ಅವರೇ ವರ್ಷಗಟ್ಟಲೆ ತೆರಬೇಕಾಯಿತು. ಬಂದರನ್ನು ಆಳಗೊಳಿಸಲು ಬಳಸಬಹುದಾಗಿದ್ದ ಹಣ, ಸಮಯ, ಒಗ್ಗಟ್ಟು ಇವೆಲ್ಲ ಇದರಲ್ಲಿ ಕರಗಿದವು. 1881ರ ಸಾವುಗಳ ಬಗ್ಗೆ ಬರೆಯುವವರು ಗಾಳಿಯನ್ನು ವರ್ಣಿಸಿ ಸುಮ್ಮನಾಗುವುದುಂಟು. ಈ ತೆರಿಗೆಯ ಕಥೆಯನ್ನು ಬಿಟ್ಟು ಆ ದಿನವನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಸ್ಪಿಯರ್ಸ್‌ನ ಪ್ರತಿಮೆ ಈಗ ಊರೊಳಗೆ ನಿಂತಿದೆ.

1881ರ ಅಕ್ಟೋಬರ್ 14ರಂದು ನಡೆದದ್ದೇನು?

ಅದು ಶುಕ್ರವಾರ. ಹಿಂದಿನ ದಿನಗಳ ಕೆಟ್ಟ ಹವೆಯಿಂದಾಗಿ ದೋಣಿಗಳು ಬಂದರಿನಲ್ಲೇ ಕಟ್ಟಿಬಿದ್ದಿದ್ದವು. ಅಂದು ಬೆಳಗ್ಗೆ ಆಕಾಶ ತಿಳಿಯಾಗಿ, ಸಮುದ್ರ ಶಾಂತವಾಗಿತ್ತು. ಆದರೆ ಗಾಳಿಯ ಒತ್ತಡವನ್ನು ಅಳೆದು ಬಿರುಗಾಳಿಯ ಮುನ್ಸೂಚನೆ ಕೊಡುವ ಬಂದರಿನ ಬ್ಯಾರೊಮೀಟರ್ ತೀರ ಕೆಳಗಿಳಿದಿತ್ತು, ಅದನ್ನು ಮೀನುಗಾರರು ನೋಡಿಯೂ ಇದ್ದರು. ಕೊನೆಗೆ ಒಂದೊಂದಾಗಿ ದೋಣಿಗಳು ಹೊರಟವು. ದಡದಿಂದ ಹಲವು ಮೈಲಿ ದೂರ ಹೋಗಿ ಗಾಳದ ಹಗ್ಗಗಳನ್ನು ಬಿಡುತ್ತಿದ್ದ ಹೊತ್ತಿಗೆ, ನಡುಹಗಲಿನಲ್ಲಿ, ಗಾಳಿ ಒಮ್ಮೆಲೇ ಸ್ತಬ್ಧವಾಯಿತು. ಮರುಕ್ಷಣದಲ್ಲಿ ಕತ್ತಲು ಕವಿದು ಬಿರುಗಾಳಿ ಎರಗಿತು.

ಕೆಲವು ದೋಣಿಗಳು ಸಮುದ್ರದ ಮೇಲೆಯೇ ಮಗುಚಿದವು. ಉಳಿದವು ಮನೆಯ ಕಡೆ ತಿರುಗಿದವು. ಅತ್ಯಂತ ದಾರುಣವಾದ ಸಾವುಗಳಾದದ್ದು ಬಂದರಿನ ಬಾಗಿಲಲ್ಲಿ. ಕಿರಿದಾದ, ಆಳವಿಲ್ಲದ ಅಳಿವೆಯನ್ನು ಹೊಗಲು ಹೊರಟ ದೋಣಿಗಳನ್ನು ಅಲೆ ಎತ್ತಿ ಹರ್ಕರ್ ಬಂಡೆಗಳಿಗೆ ಅಪ್ಪಳಿಸಿತು. ದಡದಲ್ಲಿ ಹೆಂಡತಿಯರು, ತಾಯಂದಿರು, ಮಕ್ಕಳು ನಿಂತಿದ್ದರು. ದೋಣಿಯಲ್ಲಿ ಇರುವವರು ಯಾರೆಂದು ಗುರುತು ಸಿಗುವಷ್ಟು ಹತ್ತಿರ. ಅಷ್ಟು ಹತ್ತಿರವಿದ್ದರೂ ಕೈಕೊಟ್ಟು ಎಳೆದುಕೊಳ್ಳುವಂತಿರಲಿಲ್ಲ.

ದಡದ ಕಡೆ ಬಾರದೆ, ಆಳ ಸಮುದ್ರದಲ್ಲೇ ಉಳಿದು ಬಿರುಗಾಳಿಯನ್ನು ಎದುರಿಸಿದವರಲ್ಲಿ ಕೆಲವರು ಬದುಕಿಕೊಂಡರು. ಏರಿಯಲ್ ಗಝೆಲ್ ಎಂಬ ದೋಣಿ ಭಾನುವಾರ ಊರಿಗೆ ಮರಳಿತು. ಅದರಲ್ಲಿದ್ದವರನ್ನು ಊರು ಅಷ್ಟರಲ್ಲಿ ಸತ್ತವರ ಲೆಕ್ಕಕ್ಕೆ ಸೇರಿಸಿತ್ತು.

ಒಟ್ಟು ಎಷ್ಟು ಮಂದಿ ತೀರಿಕೊಂಡರು?

ಒಟ್ಟು 189 ಮೀನುಗಾರರು. ಐಮತ್ ಒಂದರಿಂದಲೇ 129. ಪಕ್ಕದ ಬರ್ನ್‌ಮತ್‌ನಿಂದ 24, ಕೋವ್‌ನಿಂದ 11, ಈಗ ಸೇಂಟ್ ಆಬ್ಸ್ ಎನಿಸಿಕೊಂಡಿರುವ ಕೋಲ್ಡಿಂಗಮ್ ತೀರದಿಂದ 3, ಎಡಿನ್‌ಬರೋ ಬಳಿಯ ನ್ಯೂಹೇವನ್‌ನಿಂದ 15, ಫಿಷರ್‌ರೋದಿಂದ 7. ಒಂದೇ ದೋಣಿಯಲ್ಲಿ ತಂದೆ, ಮಕ್ಕಳು, ಅಣ್ಣತಮ್ಮಂದಿರು ಒಟ್ಟಿಗೆ ಹೋಗುವುದು ವಾಡಿಕೆಯಾಗಿದ್ದರಿಂದ ಕೆಲವು ಮನೆಗಳಲ್ಲಿ ದುಡಿಯುವ ಗಂಡಸೇ ಉಳಿಯಲಿಲ್ಲ. ಸ್ಕಾಟ್ಲೆಂಡಿನ ಮೀನುಗಾರಿಕೆಯ ಇತಿಹಾಸದಲ್ಲಿ ಒಂದೇ ದಿನದಲ್ಲಿ ಇಷ್ಟು ಜನ ಸತ್ತದ್ದು ಬೇರೆ ಇಲ್ಲ. ಊರಿನವರು ಅದನ್ನು ಕರಾಳ ಶುಕ್ರವಾರ ಎಂದು ಕರೆಯುತ್ತಾರೆ.

ಬ್ಯಾರೊಮೀಟರ್ ಎಚ್ಚರಿಸಿದ್ದರೂ ಅವರು ಹೊರಟದ್ದೇಕೆ?

ಈ ಪ್ರಶ್ನೆಯನ್ನು ಹಲವರು ಆಪಾದನೆಯ ದನಿಯಲ್ಲಿ ಕೇಳುತ್ತಾರೆ. ಉತ್ತರ ಅವರ ಮನೆಗಳಲ್ಲಿತ್ತು. ದಿನಗಟ್ಟಲೆ ದುಡಿಮೆ ಇರಲಿಲ್ಲ. ಹೆಂಗಸರು ಕಟ್ಟಿಟ್ಟ ಇರೆ ಕೊಳೆಯುತ್ತಿತ್ತು. ಅದು ಹಾಳಾದರೆ ಮತ್ತೆ ಮಸ್ಸೆಲ್ ಕೊಳ್ಳಲು ಹಣ ಬೇಕು, ಮತ್ತೆ ಸಾವಿರಗಟ್ಟಲೆ ಗಾಳ ಕಟ್ಟಬೇಕು. ಮೀನು ಸಿಗದ ದಿನಗಳಾದ್ದರಿಂದ ಪೇಟೆಯಲ್ಲಿ ಒಳ್ಳೆಯ ಬೆಲೆ ಬರುವುದಿತ್ತು. ಒಬ್ಬ ಹೊರಟ ಮೇಲೆ ಉಳಿದವರು ದಡದಲ್ಲಿ ನಿಲ್ಲುವುದು ಕಷ್ಟ. ಅದು ಧೈರ್ಯದ ಮಾತೂ ಹೌದು, ಹೊಟ್ಟೆಯ ಮಾತೂ ಹೌದು. ಕಣ್ಣೆದುರಿನ ಸಮುದ್ರ ನಿಶ್ಚಲವಾಗಿರುವಾಗ ಗಾಜಿನ ಕೊಳವೆಯೊಳಗಿನ ಪಾದರಸವನ್ನು ನಂಬಿ ಮನೆಯಲ್ಲಿ ಕೂರಲು ಕೈಯಲ್ಲಿ ಒಂದಿಷ್ಟು ಹಣವಿರಬೇಕು.

ಆಳವಾದ, ಎಲ್ಲ ಹೊತ್ತಿನಲ್ಲೂ ಒಳಬರಬಹುದಾದ ಬಂದರು ಇದ್ದಿದ್ದರೆ ದಡದ ಕಣ್ಣೆದುರಿನಲ್ಲಿ ಸತ್ತವರಲ್ಲಿ ಬಹಳ ಜನ ಉಳಿಯುತ್ತಿದ್ದರು. ಅಂಥ ಬಂದರಿನ ಮಾತು ಆ ದಿನಕ್ಕೆ ಮೊದಲೇ ವರ್ಷಗಳಿಂದ ನಡೆದಿತ್ತು.

ಉಳಿದ ಕುಟುಂಬಗಳ ಗತಿ ಏನಾಯಿತು?

ದೇಶದ ಎಲ್ಲ ಕಡೆಯಿಂದ ದೇಣಿಗೆ ಹರಿದುಬಂದು ಪರಿಹಾರ ನಿಧಿಯಲ್ಲಿ ಸುಮಾರು 54,000 ಪೌಂಡ್ ಸೇರಿತು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ವಿಧವೆಯರಿಗೂ ಮಕ್ಕಳಿಗೂ ಅದರಿಂದ ನಿಯಮಿತವಾಗಿ ಹಣ ಸಿಕ್ಕಿತು. ಆದರೆ ಹಣವನ್ನು ಹಂಚುವ ಅಧಿಕಾರ ಹೊರಗಿನ ಗಣ್ಯರ ಕೈಯಲ್ಲಿತ್ತು. ಬಂದರನ್ನು ಕಟ್ಟಲು ಆ ನಿಧಿ ಬಳಕೆಯಾಗಲಿಲ್ಲ. ಊರಿನ ಜನಸಂಖ್ಯೆ ಮೊದಲಿನ ಮಟ್ಟಕ್ಕೆ ಬರಲು ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು.

ಹಾಗಾದರೆ ಮೀನುಗಾರಿಕೆ ನಿಂತುಹೋಯಿತೆ?

ಇಲ್ಲ. ಸತ್ತವರ ಮಕ್ಕಳು ಅದೇ ಕಸುಬಿಗೆ ಬಂದರು, ಬೇರೆ ಕಸುಬು ಇರಲೂ ಇಲ್ಲ. 1891ರಲ್ಲಿ ಬರ್ನ್‌ಮತ್‌ನಿಂದ ಐಮತ್‌ಗೆ ರೈಲು ಬಂದದ್ದರಿಂದ ಮೀನು ಬೇಗನೆ ದೂರದ ಪೇಟೆ ಸೇರತೊಡಗಿತು. ಆ ಹೊತ್ತಿಗೆ ಸ್ಕಾಟ್ಲೆಂಡಿನ ಹೆರಿಂಗ್ ವ್ಯಾಪಾರ ಉಚ್ಛ್ರಾಯಕ್ಕೆ ಏರುತ್ತಿತ್ತು. 1907ರಲ್ಲಿ ಸ್ಕಾಟ್ಲೆಂಡಿನಲ್ಲಿ ಸುಮಾರು 25 ಲಕ್ಷ ಪೀಪಾಯಿ ಹೆರಿಂಗ್‌ಗೆ ಉಪ್ಪು ಹಾಕಲಾಯಿತು. ಹೆಚ್ಚಿನದು ಹೋಗುತ್ತಿದ್ದದ್ದು ಜರ್ಮನಿ, ರಷ್ಯಾ ಮತ್ತು ಪೂರ್ವ ಯುರೋಪಿಗೆ.

ಈ ವ್ಯಾಪಾರವನ್ನು ನಡೆಸಿದವರೂ ಹೆಂಗಸರೇ. ಹೆರಿಂಗ್ ಗುಂಪುಗಳನ್ನು ಹಿಂಬಾಲಿಸಿ ದೋಣಿಗಳು ಬೇಸಿಗೆಯಲ್ಲಿ ಶೆಟ್‌ಲೆಂಡ್‌ನಿಂದ ಹೊರಟು ಶರತ್ಕಾಲಕ್ಕೆ ಇಂಗ್ಲೆಂಡಿನ ಯಾರ್ಮತ್‌, ಲೋಸ್ಟಾಫ್ಟ್‌ವರೆಗೆ ಇಳಿಯುತ್ತಿದ್ದವು. ದಡದ ಮೇಲೆ ರೈಲಿನಲ್ಲಿ ಅವುಗಳ ಹಿಂದೆಯೇ ಹುಡುಗಿಯರ ತಂಡಗಳು ಹೋಗುತ್ತಿದ್ದವು. ಒಂದೊಂದು ತಂಡದಲ್ಲಿ ಮೂವರು: ಇಬ್ಬರು ಮೀನಿನ ಹೊಟ್ಟೆ ಸೀಳಿ ಕರುಳು ತೆಗೆಯುವವರು, ಒಬ್ಬಳು ಉಪ್ಪು ಹಾಕಿ ಪೀಪಾಯಿಯಲ್ಲಿ ವರಸೆಯಾಗಿ ಜೋಡಿಸುವವಳು. ಸೆಕೆಂಡಿಗೆ ಒಂದು ಮೀನು ಎನ್ನುವಷ್ಟು ಚುರುಕು. ಉಪ್ಪು ಗಾಯಕ್ಕೆ ಇಳಿಯದಂತೆ ಬೆರಳುಗಳಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಬಿಡುವಿನ ಹೊತ್ತಿನಲ್ಲಿ, ನಡೆಯುವಾಗಲೂ, ಉಣ್ಣೆ ಹೆಣೆಯುತ್ತಿದ್ದರು. ಕೂಲಿ ಕಡಿಮೆಯಾದಾಗ ಒಟ್ಟಾಗಿ ಮುಷ್ಕರ ಹೂಡಿದ ಉದಾಹರಣೆಗಳೂ ಇವೆ. ಊರು ಬಿಟ್ಟು ಹೊರಗೆ ಹೋಗಿ, ಸ್ವಂತ ದುಡಿದು, ಸ್ವಂತ ಪೆಟ್ಟಿಗೆಯೊಂದಿಗೆ ಮರಳಿದ ಈ ಹುಡುಗಿಯರು ಆ ಊರುಗಳ ಬದುಕನ್ನು ಎಷ್ಟು ಬದಲಿಸಿದರೆಂಬುದು ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾದ ವಿಷಯ.

1914ರ ಯುದ್ಧದಿಂದ ಜರ್ಮನಿಯ ಪೇಟೆ, 1917ರ ಕ್ರಾಂತಿಯಿಂದ ರಷ್ಯಾದ ಪೇಟೆ ಕೈತಪ್ಪಿದವು. ಆ ವೈಭವ ಮತ್ತೆ ಬರಲಿಲ್ಲ.

ಮೀನುಗಾರರಲ್ಲಿ ಯಾವ ಬಗೆಯ ನಂಬಿಕೆಗಳಿದ್ದವು?

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲೆಲ್ಲ ದೋಣಿಯ ಮೇಲೆ ಹೇಳಬಾರದ ಕೆಲವು ಮಾತುಗಳಿದ್ದವು. ಹಂದಿಯ ಹೆಸರು ಎತ್ತಬಾರದು, ಪಾದ್ರಿಯ ಹೆಸರು ಎತ್ತಬಾರದು. ಸಾಲ್ಮನ್ ಮೀನನ್ನು ಬೇರೆ ಅಡ್ಡಹೆಸರಿನಿಂದ ಹೇಳಬೇಕು. ಬಾಯಿತಪ್ಪಿ ಯಾರಾದರೂ ಅಂದುಬಿಟ್ಟರೆ ಎಲ್ಲರೂ ತಕ್ಷಣ ಕೈಗೆ ಸಿಕ್ಕ ಕಬ್ಬಿಣವನ್ನು ಮುಟ್ಟಿ ‘ತಣ್ಣನೆ ಕಬ್ಬಿಣ’ ಎನ್ನುತ್ತಿದ್ದರು. ಬೆಳಿಗ್ಗೆ ದೋಣಿಗೆ ಹೋಗುವ ದಾರಿಯಲ್ಲಿ ಪಾದ್ರಿ ಎದುರಾದರೆ ಅಪಶಕುನ. ಇದೇ ಜನ ಭಾನುವಾರ ದೋಣಿ ಇಳಿಸದಷ್ಟು ಕಟ್ಟುನಿಟ್ಟಿನ ಭಕ್ತರೂ ಆಗಿದ್ದರು. ಹಲಗೆಯ ಮೇಲೆ ನಿಂತು ಜೀವ ಸಾಗಿಸುವವರಿಗೆ ಎರಡೂ ಒಟ್ಟಿಗೆ ಬೇಕಾಗಿತ್ತು.

ಒಂದೇ ಮನೆತನದ ಹೆಸರಿನ ಹಲವರಿರುವ ಊರುಗಳಲ್ಲಿ ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರಿರುವುದು ಈ ತೀರದ ಇನ್ನೊಂದು ರೂಢಿ. ಉತ್ತರದ ಮೊರೇ ತೀರದಲ್ಲಂತೂ ಅಡ್ಡಹೆಸರು ಅಧಿಕೃತ ಕಾಗದಗಳಲ್ಲೂ ಸೇರಿಕೊಂಡಿತ್ತು.

ಹೆರಿಂಗ್ ಕ್ವೀನ್ ಎಂದರೇನು?

1939ರಿಂದ ನಡೆದುಬಂದ ಊರಹಬ್ಬ. ಪ್ರತಿ ಬೇಸಿಗೆಯಲ್ಲಿ ಶಾಲೆಯ ಒಬ್ಬ ಹುಡುಗಿಯನ್ನು ರಾಣಿಯಾಗಿ ಆರಿಸುತ್ತಾರೆ. ಆಕೆ ಸೇಂಟ್ ಆಬ್ಸ್‌ನಿಂದ ಸಿಂಗರಿಸಿದ ಮೀನುಗಾರಿಕೆ ದೋಣಿಯಲ್ಲಿ, ಇತರ ದೋಣಿಗಳ ಬೆಂಗಾವಲಿನೊಡನೆ, ಐಮತ್ ಬಂದರಿಗೆ ಬಂದಿಳಿಯುತ್ತಾಳೆ. ಅಲ್ಲಿ ಕಿರೀಟಧಾರಣೆ ನಡೆಯುತ್ತದೆ. ಹಿಂದಿನ ವರ್ಷಗಳಲ್ಲಿ ರಾಣಿಯಾಗಿದ್ದವರು ಇಂದು ಅಜ್ಜಿಯರಾಗಿದ್ದಾರೆ, ಅವರ ವರ್ಷವನ್ನು ಊರು ಮರೆತಿಲ್ಲ.

ಸುತ್ತಲಿನ ಊರುಗಳು ಹೇಗಿವೆ?

ಬರ್ನ್‌ಮತ್ ಕಡಿದಾದ ಬಂಡೆಯ ಬುಡದಲ್ಲಿದೆ. ಇಳಿಜಾರಿನ ರಸ್ತೆಯಲ್ಲಿ ಇಳಿದ ಮೇಲೆಯೇ ಮನೆಗಳ ಸಾಲು ಕಾಣುವುದು. ಕೋವ್‌ನ ಪುಟ್ಟ ಬಂದರಿಗೆ ಬಂಡೆಯಲ್ಲಿ ಕೊರೆದ ಸುರಂಗದ ಮೂಲಕ ಹೋಗಬೇಕು. ಸೇಂಟ್ ಆಬ್ಸ್‌ನ ಬಂಡೆಗಳಲ್ಲಿ ಸಾವಿರಾರು ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿಯ ದೀಪಸ್ತಂಭ 1862ರದು. 1984ರಲ್ಲಿ ಸೇಂಟ್ ಆಬ್ಸ್ ಮತ್ತು ಐಮತ್ ನಡುವಿನ ಸಮುದ್ರವನ್ನು ಸ್ಥಳೀಯರೇ ಸ್ವಇಚ್ಛೆಯಿಂದ ರಕ್ಷಿತ ವಲಯವೆಂದು ಘೋಷಿಸಿಕೊಂಡರು, ಸ್ಕಾಟ್ಲೆಂಡಿನಲ್ಲಿ ಅಂಥದು ಅದೇ ಮೊದಲು.

ಸೇಂಟ್ ಆಬ್ಸ್‌ನ ರಕ್ಷಣಾ ದೋಣಿಯ ಕಥೆಯನ್ನೂ ಹೇಳಲೇಬೇಕು. 1907ರಲ್ಲಿ ಡೆನ್ಮಾರ್ಕಿನ ಆಲ್ಫ್ರೆಡ್ ಎರ್ಲಂಡ್‌ಸನ್ ಎಂಬ ಹಡಗು ಇಲ್ಲಿಯ ಬಂಡೆಗೆ ಬಡಿದು 17 ಮಂದಿ ಸತ್ತಾಗ, ಅಲ್ಲೇ ವಾಸವಿದ್ದ ಜೇನ್ ಹೇ ಎಂಬ ಮಹಿಳೆ ಹೋರಾಡಿ 1911ರಲ್ಲಿ ಒಂದು ರಕ್ಷಣಾ ಕೇಂದ್ರ ಬರುವಂತೆ ಮಾಡಿದರು. 2015ರಲ್ಲಿ ಅದನ್ನು ನಡೆಸುತ್ತಿದ್ದ ಸಂಸ್ಥೆ ಕೇಂದ್ರವನ್ನು ಮುಚ್ಚಿತು. ಊರಿನವರು ಹಣ ಕೂಡಿಸಿ, 2016ರಲ್ಲಿ ಸ್ವಂತ ದೋಣಿಯನ್ನೇ ನೀರಿಗಿಳಿಸಿದರು.

ಈಗ ಅಲ್ಲಿ ಮೀನುಗಾರಿಕೆ ಉಳಿದಿದೆಯೆ?

ಉಳಿದಿದೆ, ರೂಪ ಬದಲಾಗಿದೆ. ಅತಿಯಾಗಿ ಹಿಡಿದದ್ದರಿಂದ ಹೆರಿಂಗ್ ಕುಸಿದು 1977ರಲ್ಲಿ ಉತ್ತರ ಸಮುದ್ರದ ಹೆರಿಂಗ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಬಂದ ಪ್ರಮಾಣ ನಿಗದಿ, ದೋಣಿಗಳನ್ನು ಕಳಚುವ ಯೋಜನೆಗಳು, ಹ್ಯಾಡಕ್ ಮತ್ತು ಕಾಡ್‌ಗಳ ಇಳಿಮುಖ, ಇವುಗಳಿಂದ ದೋಣಿಗಳ ಸಂಖ್ಯೆ ತಗ್ಗಿತು. ಇಂದು ಇಲ್ಲಿಯ ದೋಣಿಗಳು ಹೆಚ್ಚಾಗಿ ತರುವುದು ಲಾಂಗುಸ್ಟೀನ್ ಎಂಬ ತೆಳುಮೈಯ ಕಡಲ ಸಿಗಡಿ, ಏಡಿ ಮತ್ತು ಲಾಬ್‌ಸ್ಟರ್. ಏಡಿ, ಲಾಬ್‌ಸ್ಟರ್‌ಗಳನ್ನು ಸಮುದ್ರದ ತಳದಲ್ಲಿ ಬುಟ್ಟಿಯಂಥ ಬೋನು ಇಟ್ಟು ಹಿಡಿಯುತ್ತಾರೆ. ಬಂದರಿಗೆ ಈಗ ಆಳವಾದ ಹೊಸ ಭಾಗವಿದೆ. ಫೈಫ್ ತೀರದಾಚೆಯ ಸಮುದ್ರದಲ್ಲಿ 54 ಗಾಳಿಯಂತ್ರಗಳನ್ನು ನಿಲ್ಲಿಸಿರುವ ವಿದ್ಯುತ್ ಯೋಜನೆಯ ನಿರ್ವಹಣಾ ಕೇಂದ್ರವೂ ಐಮತ್‌ನಲ್ಲೇ ಇದೆ. ಮೀನುಗಾರರ ಮೊಮ್ಮಕ್ಕಳಲ್ಲಿ ಕೆಲವರಿಗೆ ಊರು ಬಿಡದೆ ಸಮುದ್ರದ ಕೆಲಸ ಸಿಗಲು ಅದೊಂದು ದಾರಿ.

ಈ ಕರಾವಳಿಯ ಮುಖ್ಯ ತಿನಿಸುಗಳು ಯಾವುವು?

ಹೊಗೆಯಾಡಿಸಿದ ಹ್ಯಾಡಕ್ ಇಡೀ ಪೂರ್ವ ಕರಾವಳಿಯ ಹೆಮ್ಮೆ. ಉತ್ತರಕ್ಕಿರುವ ಆಕ್ಮಿಥಿ ಎಂಬ ಸಣ್ಣ ಹಳ್ಳಿಯಿಂದ ಬಂದ ಆರ್‌ಬ್ರೋತ್ ಸ್ಮೋಕಿ ಎಂಬ ಹೊಗೆ ಹ್ಯಾಡಕ್‌ಗೆ 2004ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ಕಲನ್ ಊರಿನ ಹೆಸರಿನ ‘ಕಲನ್ ಸ್ಕಿಂಕ್’ ಎಂಬುದು ಹೊಗೆಮೀನು, ಆಲೂಗಡ್ಡೆ, ಈರುಳ್ಳಿ, ಹಾಲು ಸೇರಿಸಿ ಮಾಡುವ ಗಟ್ಟಿ ಸಾರು. ಮಸಾಲೆ ಏನೂ ಇಲ್ಲದಿದ್ದರೂ ಹೊಗೆಯ ರುಚಿಯೇ ಅದಕ್ಕೆ ಸಾಕಾಗುತ್ತದೆ.

ನೋಡಲು ಹೋಗುವುದು ಹೇಗೆ? ಏನೇನು ನೋಡಬೇಕು?

ಐಮತ್‌ನ ರೈಲುದಾರಿ 1962ರಲ್ಲಿ ಮುಚ್ಚಿತು. 2022ರಲ್ಲಿ ಹತ್ತಿರದ ರೆಸ್ಟನ್ ನಿಲ್ದಾಣ ಮತ್ತೆ ತೆರೆದಿರುವುದರಿಂದ ಎಡಿನ್‌ಬರೋದಿಂದ ರೈಲಿನಲ್ಲಿ ಅಲ್ಲಿಗೆ ಬಂದು ಮುಂದಕ್ಕೆ ಹೋಗಬಹುದು. ಇಲ್ಲವೇ ಬೆರಿಕ್‌ನಲ್ಲಿ ಇಳಿದು ಬಸ್ಸು ಹಿಡಿಯಬಹುದು. ಗನ್ಸ್‌ಗ್ರೀನ್ ಹೌಸ್, ಕೋಟೆಯ ದಿಣ್ಣೆ, ಸ್ಪಿಯರ್ಸ್ ಪ್ರತಿಮೆ, ಬಂದರಿನೊಳಗೇ ಮೀನಿಗಾಗಿ ತಲೆಯೆತ್ತಿ ಕಾಯುವ ಸೀಲ್‌ಗಳು ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. ದುರಂತದ ನೂರನೆಯ ವರ್ಷವಾದ 1981ಕ್ಕೆಂದು ಊರಿನ ಹೆಂಗಸರು ದೊಡ್ಡದೊಂದು ಕಸೂತಿಯ ಪಟವನ್ನು ಹೊಲಿದಿದ್ದಾರೆ. ಜಿಲ್ ವಾಟ್ಸನ್ ಎಂಬ ಶಿಲ್ಪಿ ಮಾಡಿದ ಕಂಚಿನ ಸ್ಮಾರಕ 2016ರಲ್ಲಿ ಅನಾವರಣಗೊಂಡಿತು. ಅದರಲ್ಲಿ ಸತ್ತ ಮೀನುಗಾರರ ಮೂರ್ತಿಗಳಿಲ್ಲ. ದಡದಲ್ಲಿ ನಿಂತು ಸಮುದ್ರದ ಕಡೆ ನೋಡುತ್ತಿದ್ದ ಹೆಂಡತಿಯರ, ಮಕ್ಕಳ ಪುಟ್ಟ ಪುಟ್ಟ ಮೂರ್ತಿಗಳ ಸಾಲಿದೆ. ಸಮಯ ಕಡಿಮೆಯಿದ್ದವರು ಬೇರೆಯದನ್ನು ಬಿಟ್ಟರೂ ಇದನ್ನು ಬಿಡಬಾರದು. ಕಟ್ಟೆಯ ಮೇಲೆ ನಡೆಯುವವರು ಬಿರುಗಾಳಿಯ ದಿನ ಅಲ್ಲಿಗೆ ಹೋಗಬಾರದು. ಅಲೆಗಳು ಈಗಲೂ ಕಟ್ಟೆಯನ್ನು ದಾಟುತ್ತವೆ.